ಅನಾಥ ಮಕ್ಕಳ ಸೇವೆ: ರುಮೇನಿಯದಿಂದ ಒಂದು ಪಾಠ



ಅನಾಥ ಮಕ್ಕಳಿಗೆ ಅನ್ನ, ಅರಿವೆ, ಆಸರೆ ಕೊಡುವುದು ಪುಣ್ಯದ ಕೆಲಸವೆಂದು ನಾವೆಲ್ಲರೂ ಬಲ್ಲೆವು. ಕೈಯಲ್ಲಿ ಹಣವಿಲ್ಲದ, ಕಲೆಯೊಂದನ್ನೇ ಬಲ್ಲ ಮನುಷ್ಯ ಅಂಥ ಮಕ್ಕಳಿಗೆ ಏನು ಕೊಡಬಲ್ಲ? ಈ ಸಂಚಿಕೆಯ ಅಭ್ಯಾಸಕ್ಕೆ ಯುರೋಪಿನ ರುಮೇನಿಯ ದೇಶದ ಒಂದು ಉದಾಹರಣೆಯನ್ನು ಆಯ್ದುಕೊಂಡಿದ್ದೇವೆ.

ಹಿನ್ನೆಲೆ

ಆ ದೇಶವನ್ನು ಆಳುತ್ತಿದ್ದ ನಿಕೊಲಾಯ್ ಚೌಷೆಸ್ಕು ಜನಸಂಖ್ಯೆ ಹೆಚ್ಚಬೇಕೆಂದು 1966ರಲ್ಲಿ ಗರ್ಭಪಾತವನ್ನು ನಿಷೇಧಿಸಿದ. ಬಡವರ ಮನೆಗಳಲ್ಲಿ ಸಾಕಲಾಗದ ಮಕ್ಕಳು ಸರ್ಕಾರಿ ಅನಾಥಾಲಯಗಳನ್ನು ಸೇರಿದರು. 1989ರ ಡಿಸೆಂಬರಿನಲ್ಲಿ ಆ ಆಡಳಿತ ಉರುಳಿದಾಗ ಇಂಥ ಸಂಸ್ಥೆಗಳಲ್ಲಿ 1 ಲಕ್ಷಕ್ಕೂ ಹೆಚ್ಚು ಮಕ್ಕಳಿದ್ದರೆಂದು ಅಂದಾಜು. ಹೆಚ್ಚಿನವರ ತಂದೆ-ತಾಯಿ ಬದುಕಿದ್ದರು. ಆದರೂ ಮಕ್ಕಳು ತಬ್ಬಲಿಗಳೇ ಆಗಿದ್ದರು.

ಅನಾಥಾಲಯಗಳಿಂದ, ಮನೆಗಳಿಂದ ಓಡಿಬಂದ ಅನೇಕ ಹುಡುಗರು ರಾಜಧಾನಿ ಬುಖಾರೆಸ್ಟಿನ ಉತ್ತರ ರೈಲು ನಿಲ್ದಾಣದ ಸುತ್ತ ಬೀಡುಬಿಟ್ಟರು. ಚಳಿಗೆ ಅಂಜಿ, ಊರ ಮನೆಗಳಿಗೆ ಬಿಸಿನೀರು ಒಯ್ಯುವ ಕೊಳವೆಗಳ ನೆಲದಡಿಯ ಕಾಲುವೆಗಳಲ್ಲಿ ಮಲಗುತ್ತಿದ್ದರು. ಹಸಿವು ಮರೆಯಲು ಔರೊಲಾಕ್ ಎಂಬ ಬಣ್ಣವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮೂಸುತ್ತಿದ್ದರು.

1992ರಲ್ಲಿ ಅಲ್ಲಿಗೆ ಬಂದವನು ಮಿಲೂದ್ ಊಕಿಲಿ. ಅಲ್ಜೀರಿಯ ಮೂಲದ, ಫ್ರಾನ್ಸಿನ ತರುಣ, ಸರ್ಕಸ್ಸಿನ ವಿದೂಷಕ. ಈ ಮಕ್ಕಳನ್ನು ಕಂಡವನು ಅಲ್ಲಿಯೇ ವರ್ಷಗಟ್ಟಲೆ ನಿಂತ. ಅವರಿಗೆ ಚೆಂಡು ಎಸೆದು ಹಿಡಿಯುವ ಆಟ, ಮರಗಾಲಿನ ನಡಿಗೆ, ಲಾಗ ಹಾಕುವುದನ್ನು ಕಲಿಸಿದ. 1996ರಲ್ಲಿ 'ಪರಾದಾ' ಎಂಬ ಸಂಸ್ಥೆ ಹುಟ್ಟಿತು. ಜನ ಕಂಡರೆ ಮೂಗು ಮುಚ್ಚಿಕೊಳ್ಳುತ್ತಿದ್ದ ಹುಡುಗರು ಇಟಲಿ, ಫ್ರಾನ್ಸ್ ದೇಶಗಳಲ್ಲಿ ಆಟ ತೋರಿಸಿ ಚಪ್ಪಾಳೆ ಪಡೆದರು. 2008ರಲ್ಲಿ ಇಟಲಿಯ ಮಾರ್ಕೊ ಪೊಂತೆಕೊರ್ವೊ ಈ ಕಥೆಯನ್ನು ಚಲನಚಿತ್ರ ಮಾಡಿದರು.

ಇದರಿಂದ ನಾವು ತಿಳಿಯಬೇಕಾದದ್ದು

1. ಕಲೆ ಬರಿಯ ಮನರಂಜನೆಯಲ್ಲ. ನಶೆಯಲ್ಲಿರುವ ಕೈಗೆ ಚೆಂಡು ಸಿಗದು. ಒಬ್ಬರ ಹೆಗಲ ಮೇಲೊಬ್ಬರು ನಿಂತು ಗೋಪುರ ಕಟ್ಟುವಾಗ ಕೆಳಗಿನವನು ತೂಗಾಡಿದರೆ ಮೇಲಿನವನು ಬೀಳುತ್ತಾನೆ. 'ಕೆಟ್ಟದ್ದು ಬಿಡು' ಎಂಬ ನೂರು ಉಪದೇಶ ಹೇಳದ ಮಾತನ್ನು ಈ ಆಟ ಹೇಳುತ್ತದೆ: ನಿನ್ನನ್ನು ನಂಬಿ ಇನ್ನೊಬ್ಬ ನಿಂತಿದ್ದಾನೆ. ಕಾಯಕದ ಹಿರಿಮೆ ಬಲ್ಲ ನಮಗೆ ಇದು ಹೊಸದಲ್ಲ. ಕೆಲಸ ಕಲಿತ ಮಗು ತಲೆಯೆತ್ತಿ ನಿಲ್ಲುತ್ತದೆ.

2. ಮಕ್ಕಳ ಮಾತನ್ನು ಮೊದಲು ಕಲಿಯಬೇಕು. ಊಕಿಲಿ ರುಮೇನಿಯದ ಭಾಷೆ ಕಲಿತ. ಮನೆಯಲ್ಲಿ ಒಂದು ನುಡಿ, ಶಾಲೆಯಲ್ಲಿ ಇನ್ನೊಂದು ನುಡಿ ಎಂಬ ಪರಿಸ್ಥಿತಿಯಲ್ಲಿ ಬೆಳೆದ ಗಡಿನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತನ್ನ ನುಡಿಯಲ್ಲಿ ಮಾತನಾಡಿಸಿದವರನ್ನು ಕೂಸು ಬೇಗ ನಂಬುತ್ತದೆ.

3. ನಿಲ್ಲುವುದೇ ಸೇವೆ. ಹುಟ್ಟುಹಬ್ಬಕ್ಕೆ ಹಣ್ಣು ಹಂಚಿ, ಫೋಟೋ ತೆಗೆಸಿಕೊಂಡು ಹೊರಡುವವರು ನಮ್ಮಲ್ಲಿಯೂ ಉಂಟು. ಅವರ ದಾನ ಹೊಟ್ಟೆಗೆ ಮುಟ್ಟುತ್ತದೆ, ನಿಜ. ಆದರೆ ಒಮ್ಮೆ ಬಿಟ್ಟುಹೋಗಲ್ಪಟ್ಟ ಮಗುವನ್ನು ನಾಲ್ಕು ದಿನ ಮುದ್ದಿಸಿ ಹೊರಟರೆ, ಅದು ಎರಡನೆಯ ಸಲ ತಬ್ಬಲಿಯಾಗುತ್ತದೆ. ಮಠದ ಕೀರ್ದಿಯಲ್ಲಿ ಅಕ್ಕಿ, ಬೇಳೆ, ಹಣ ಎಲ್ಲಕ್ಕೂ ಕಲಮು ಇದೆ. ಕೊಟ್ಟ ವೇಳೆಯನ್ನು ಬರೆಯುವ ಕಲಮು ಇಲ್ಲ. ಮಕ್ಕಳು ಮಾತ್ರ ಆ ಲೆಕ್ಕವನ್ನು ಮರೆಯದೆ ಇಡುತ್ತಾರೆ.

ನಮ್ಮ ವಿನಂತಿ ಇಷ್ಟೇ. ಭಜನೆ, ತಬಲಾ, ಚಿತ್ರಕಲೆ, ಬೊಂಬೆ ಮಾಡುವುದು, ಹೊಲಿಗೆ ಯಾವುದು ಬಲ್ಲಿರೋ ಅದನ್ನು ಹತ್ತಿರದ ಮಕ್ಕಳ ವಸತಿನಿಲಯದಲ್ಲಿ, ಅಲ್ಲಿಯ ಮೇಲ್ವಿಚಾರಕರ ಅನುಮತಿ ಪಡೆದು, ವಾರಕ್ಕೆ ಒಂದು ತಾಸು ಕಲಿಸಿರಿ. ಕನಿಷ್ಠ ಒಂದು ವರ್ಷ ತಪ್ಪದೆ ಹೋಗಲಾಗುವುದಿದ್ದರೆ ಮಾತ್ರ ಮಾತು ಕೊಡಿರಿ.

ಮನೆಯವರೊಡನೆ ಚರ್ಚಿಸಲು

1. ತಂದೆ-ತಾಯಿ ಇದ್ದೂ ತಬ್ಬಲಿಯಾದ ಮಕ್ಕಳು ನಮ್ಮ ಊರಿನಲ್ಲಿ ಯಾರಿದ್ದಾರೆ?
2. ಅವರಿಗೆ ಕಲಿಸಬಲ್ಲಂಥ ಯಾವ ವಿದ್ಯೆ ನಮ್ಮ ಮನೆಯಲ್ಲಿದೆ?