ದೋಣಿ ಕೊಳ್ಳುವ ಮೊದಲು ಕೂತು ಮಾತಾಡಿ

ಅಘನಾಶಿನಿ ಹೊಳೆಯ ಅಳಿವೆಯಲ್ಲಿ ಪ್ರವಾಸಿಗರಿಗೆ ದೋಣಿ ಬಿಡಬೇಕೆಂದು ಹೊರಟಿರುವ ಮಕ್ಕಳೇ, ಊರಲ್ಲೇ ಇದ್ದು ದುಡಿಯುವ ನಿಮ್ಮ ಮನಸ್ಸು ಕಂಡು ಸಂತೋಷವಾಗಿದೆ. ಒಂದು ಮಾತು ಕೇಳಿ. ಸಾಲ ಮಾಡಿ ದೋಣಿ ತರುವ ಮೊದಲು ಎಲ್ಲರೂ ಒಟ್ಟಿಗೆ ಕೂತು, ಏನನ್ನು ತೋರಿಸುವುದು, ಹೇಗೆ ತೋರಿಸುವುದು ಎಂದು ತೀರ್ಮಾನಿಸಿಕೊಳ್ಳಿ.

ಒಬ್ಬೊಬ್ಬರೇ ಹೊರಟರೆ ದರದ ಜಗಳ ಶುರುವಾಗುತ್ತದೆ. ಒಬ್ಬ ಐನೂರು ಅಂದರೆ ಇನ್ನೊಬ್ಬ ನಾನೂರು ಅನ್ನುತ್ತಾನೆ. ಕಡಿಮೆ ದರಕ್ಕೆ ಹೆಚ್ಚು ಸುತ್ತು ಹೊಡೆಯಬೇಕು, ಇಂಜಿನ್ ಜೋರಾಗಿ ಓಡಿಸಬೇಕು. ಅದರಿಂದೇಳುವ ಅಲೆ ಗಜನಿ ಗದ್ದೆಯ ಕಟ್ಟೆಗೆ ಬಡಿಯುತ್ತದೆ, ಕಾಂಡ್ಲಾ (ಮ್ಯಾಂಗ್ರೋವ್) ಸಸಿಯ ಬುಡದ ಮಣ್ಣು ಕೊರೆಯುತ್ತದೆ. ಮೀನುಮರಿ, ಸೀಗಡಿ ಬೆಳೆಯುವುದು ಆ ಬೇರುಗಳ ನಡುವೆಯೇ.

2024ರಲ್ಲಿ ನಮ್ಮ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಆ ಹೆಸರು ಕೇಳಿ ಬರುವವರಿಗೆ ಬರೀ ದೋಣಿ ಸುತ್ತಾಟ ಸಾಲದು. ಅವರು ನೋಡಬೇಕಾದದ್ದರಲ್ಲಿ ಒಂದೊಂದನ್ನು ಒಬ್ಬೊಬ್ಬರು ಬಲ್ಲರು. ಬಳಚು (ಚಿಪ್ಪುಮೀನು) ಎಲ್ಲಿದೆಯೆಂದು ಇಳಿತದಲ್ಲಿ ನೀರಿಗಿಳಿಯುವ ಹೆಂಗಸರಿಗೆ ಗೊತ್ತು. ಉಪ್ಪುನೀರನ್ನೂ ತಾಳಿ ಬೆಳೆಯುವ ಕಗ್ಗದ ಭತ್ತವನ್ನು ಮಾಣಿಕಟ್ಟಾದ ರೈತರು ಬಲ್ಲರು. ಎಲ್ಲಿ ಎಷ್ಟು ಆಳವೆಂದು ತಾರಿ ದೋಣಿ ನಡೆಸಿದವರು ಹೇಳುತ್ತಾರೆ. ಊಟ, ವಸತಿಯ ಹೊಣೆ ಹೋಮ್‌ಸ್ಟೇಯವರದು.

ಇವರೆಲ್ಲರ ಜೊತೆ ಸೇರಿ ಮೊದಲು ಹೊತ್ತು ಗೊತ್ತುಮಾಡಿ. ಉಬ್ಬರ ದಿನದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗೆ ನೀರಿನ ಏರಿಳಿತ ಹೆಚ್ಚು, ಅಷ್ಟಮಿಯ ಆಸುಪಾಸಿನಲ್ಲಿ ಕಡಿಮೆ. ಹಾಗಾಗಿ ದಿನಾ ಹತ್ತು ಗಂಟೆಗೆ ದೋಣಿ ಎಂದು ಬೋರ್ಡು ಬರೆಸಬೇಡಿ. ನೀರು ಏರಿದಾಗ ಕಾಂಡ್ಲಾ ನಡುವೆ ಇಂಜಿನ್ ನಿಲ್ಲಿಸಿ ಹುಟ್ಟು ಹಾಕಿಕೊಂಡು ಹೋಗಿ. ಇಳಿದಾಗ ಬಳಚು ಹೆಕ್ಕುವುದನ್ನು ದೂರದಿಂದ ತೋರಿಸಿ. ನಡುವಿನ ಹೊತ್ತಿಗೆ ಕಗ್ಗದ ಗಂಜಿ ಬಡಿಸಿ. ಮಳೆಗಾಲದಲ್ಲಿ ಅಳಿವೆಯ ಬಾಯಿ ಅಪಾಯದ್ದು; ಆಗ ದೋಣಿ ದಡಕ್ಕೆಳೆದು ಗಜನಿಯ ಬಿತ್ತನೆ ತೋರಿಸಿ.

ಹಣದ ಮಾತನ್ನೂ ಮೊದಲೇ ಬಿಚ್ಚಿ ಆಡಿ. ಬುಕಿಂಗಿಗೆ ಒಂದೇ ಫೋನ್, ಎಲ್ಲರಿಗೂ ಒಂದೇ ದರ, ಸರದಿಯ ಮೇಲೆ ದೋಣಿ. ಯಾರಿಗೆ ಎಷ್ಟು ಪಾಲು ಎಂಬುದು ಕಾಗದದ ಮೇಲಿರಲಿ. ಲೈಫ್ ಜಾಕೆಟ್, ವಿಮೆ, ಕಸ ಸಾಗಿಸುವ ಖರ್ಚಿಗೆ ಪ್ರತಿ ಟಿಕೆಟಿನಿಂದ ಸ್ವಲ್ಪ ತೆಗೆದಿಡಿ. ದಿನಕ್ಕೆ ಎಷ್ಟು ದೋಣಿ ಎಂಬ ಮಿತಿ ನೀವೇ ಹಾಕಿಕೊಳ್ಳಿ. ಗಿರಾಕಿ ಹೆಚ್ಚಾದ ಮೇಲೆ ಮಿತಿ ಹಾಕಲು ಮನಸ್ಸು ಬರುವುದಿಲ್ಲ.

ಮೊದಲ ಸಭೆಗೇ ಬಳಚು ಹೆಕ್ಕುವ ಹೆಂಗಸರನ್ನು ಕರೆಯಿರಿ. ಅವರು ಬೇಡವೆಂದ ಜಾಗಕ್ಕೆ ದೋಣಿ ಹೋಗಕೂಡದು. ಪ್ರವಾಸವೊಂದನ್ನೇ ನಂಬಿ ಕೂರಲಾಗದು; ಕೊರೊನಾ ಕಾಲದಲ್ಲಿ ಪ್ರವಾಸಿಗರು ಬಾರದೇ ಹೋದದ್ದನ್ನು ನೀವೇ ನೋಡಿದ್ದೀರಿ. ಅಂಥ ವರ್ಷ ಮತ್ತೆ ಬಂದರೂ ಊರಿಗೆ ಅನ್ನ ಕೊಡುವ ಶಕ್ತಿ ಈ ಹೊಳೆಗೆ ಉಳಿದಿರಬೇಕು. ನೀವು ಕಟ್ಟುವ ವ್ಯಾಪಾರಕ್ಕೆ ಅದೇ ಅಳತೆಗೋಲಾಗಲಿ.