ಬಾಡಿಗೆಗೆ ಪಡೆದ ಹೆಸರು, ಬೆಳೆಸಿದ ಬ್ರಾಂಡ್: ಕೊನೆಗೆ ಯಾರದು?

ಬಾಡಿಗೆ ಮನೆಗೆ ನಾವೇ ಬಣ್ಣ ಹೊಡೆಸಿ, ಮುಂದೆ ಮಲ್ಲಿಗೆ ಬಳ್ಳಿ ಹಬ್ಬಿಸಿದೆವು ಅನ್ನೋಣ. ಕರಾರು ಮುಗಿದ ಮೇಲೆ ಮನೆ ಯಾರದು? ಮಾಲೀಕರದೇ. ಟ್ರೇಡ್‌ಮಾರ್ಕ್ ಲೈಸೆನ್ಸ್‌ನಲ್ಲೂ ಹೀಗೇನಾ? ಚೀನಾದ ಎರಡು ಮೊಕದ್ದಮೆಗಳನ್ನು ನೋಡೋಣ.

ಅಲ್ಲಿನ ಕಾನೂನಿನಲ್ಲಿ ಲೈಸೆನ್ಸ್ ಮೂರು ಬಗೆ. ಒಂದರಲ್ಲಿ ಲೈಸೆನ್ಸ್ ಪಡೆದವರು ಮಾತ್ರ ಹೆಸರು ಬಳಸಬಹುದು, ಮಾಲೀಕರೂ ಬಳಸುವಂತಿಲ್ಲ. ಇನ್ನೊಂದರಲ್ಲಿ ಇಬ್ಬರೂ ಬಳಸಬಹುದು, ಮೂರನೆಯವರಿಗೆ ಇಲ್ಲ. ಮತ್ತೊಂದು ಸಾಮಾನ್ಯ ಲೈಸೆನ್ಸ್, ಅದನ್ನು ಎಷ್ಟು ಜನಕ್ಕಾದರೂ ಕೊಡಬಹುದು. ಮೊದಲ ಬಗೆಯವರು ನಕಲು ಮಾಡಿದವರ ಮೇಲೆ ತಾವೇ ದಾವೆ ಹೂಡಬಹುದು. ಇಷ್ಟೆಲ್ಲ ಹಕ್ಕಿದ್ದರೆ ಅವರೇ ಮಾಲೀಕರಾದಂತಲ್ಲವೇ?

ಅಲ್ಲ ಅಂತ ಹೇಳಿದ್ದು ರೆಡ್ ಬುಲ್ ತೀರ್ಪು. ಟ್ರೇಡ್‌ಮಾರ್ಕ್ ಥಾಯ್ ಕಂಪನಿಯದು. ಚೀನಾದಲ್ಲಿ ಪಾನೀಯ ಮಾರಿದ್ದು 1995ರಲ್ಲಿ ಶುರುವಾದ ಜಂಟಿ ಕಂಪನಿ. 2016ರಲ್ಲಿ ಲೈಸೆನ್ಸ್ ಮುಗಿಯಿತು. "ಬ್ರಾಂಡ್ ಬೆಳೆಸಿದ್ದು ನಾವು, ನಮಗೂ ಒಡೆತನ ಕೊಡಿ, ಇಲ್ಲವೇ ಜಾಹೀರಾತಿಗೆ ಸುರಿದ 375 ಕೋಟಿ ಯುವಾನ್ ಕೊಡಿ" ಎಂದು ಜಂಟಿ ಕಂಪನಿ ಕೇಳಿತು. 2020ರ ಡಿಸೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಎರಡನ್ನೂ ತಳ್ಳಿಹಾಕಿತು. ದುಡ್ಡು ಹಾಕಿ ಬೆಳೆಸಿದ ಮಾತ್ರಕ್ಕೆ ಒಡೆತನ ಬರೋದಿಲ್ಲ, ಅಷ್ಟೇ.

ವಾಂಗ್ ಲಾವೊ ಜಿ ಗಿಡಮೂಲಿಕೆ ಚಹಾದ ಕಥೆ ಇಷ್ಟು ಸರಳವಲ್ಲ. ಗುವಾಂಗ್‌ಝೌನ ಔಷಧ ಕಂಪನಿಯ ಹೆಸರನ್ನು ಪಡೆದು, ಕೆಂಪು ಡಬ್ಬಿಯಲ್ಲಿ ಚಹಾ ಮಾರಿ ಗೆದ್ದದ್ದು ಜಿಯಾದುವೊಬಾವ್. ಲೈಸೆನ್ಸ್ 2010ಕ್ಕೆ ಮುಗಿಯಬೇಕಿತ್ತು. ಪೂರಕ ಒಪ್ಪಂದಗಳು ಅದನ್ನು 2020ರವರೆಗೆ ಎಳೆದವು. ಆದರೆ ಅವುಗಳ ಹಿಂದೆ ಲಂಚ ಇತ್ತು. ಹಾಗಾಗಿ 2012ರಲ್ಲಿ ಪಂಚಾಯ್ತಿ ಮಂಡಳಿ ಅವನ್ನು ಅಸಿಂಧು ಎಂದಿತು. ಹೆಸರು ಮಾಲೀಕರಿಗೆ ಮರಳಿತು.

ಸರಿ, ಕೆಂಪು ಡಬ್ಬಿ? 2014ರಲ್ಲಿ ಗುವಾಂಗ್‌ಡಾಂಗ್ ಉಚ್ಚ ನ್ಯಾಯಾಲಯ ಅದೂ ಮಾಲೀಕರದೇ ಎಂದಿತು. 2017ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ತೀರ್ಪನ್ನು ಬದಲಿಸಿತು: ಡಬ್ಬಿಯ ಮೌಲ್ಯ ಬೆಳೆಸುವುದರಲ್ಲಿ ಇಬ್ಬರ ಪಾಲೂ ಇದೆ, ಇಬ್ಬರೂ ಬಳಸಿಕೊಳ್ಳಲಿ. ಅಂದ್ರೆ ನೋಂದಾಯಿತ ಹೆಸರಿಗೆ ಒಂದು ಲೆಕ್ಕ, ಪ್ಯಾಕಿಂಗ್‌ಗೆ ಇನ್ನೊಂದು.

ನಮ್ಮಲ್ಲಿ ಕೆಲವರು ನಾಳೆ ಸ್ವಂತ ಉದ್ಯಮ ಶುರುಮಾಡಬಹುದು. ಬೇರೆಯವರ ಹೆಸರಿನಲ್ಲಿ ವ್ಯಾಪಾರ ಮಾಡುವ ಮುನ್ನ ಮೂರು ವಿಷಯ ಬರೆದಿಟ್ಟುಕೊಳ್ಳೋಣ: ಕರಾರು ಯಾವಾಗ ಮುಗಿಯುತ್ತದೆ, ನವೀಕರಣಕ್ಕೆ ಸಹಿ ಹಾಕುವ ಅಧಿಕಾರ ಯಾರಿಗಿದೆ, ನಾವು ರೂಪಿಸಿದ ಬಣ್ಣ-ವಿನ್ಯಾಸ ಆಮೇಲೆ ಯಾರದು. ಬಳ್ಳಿ ನೆಡುವ ಮುಂಚೆಯೇ ಕರಾರು ಓದಿಕೊಳ್ಳೋಣ.