ಗಾಜಿನ ತೊಟ್ಟಿಯಲ್ಲಿ ಕರಿಚೇಳನ್ನು ಸಾಕುವ ಕ್ರಮ



ನಮ್ಮ ಪ್ರಕೃತಿಪಾಠದ ಕೊಠಡಿಯಲ್ಲಿರುವ ಗಾಜಿನ ತೊಟ್ಟಿಯನ್ನು ಕಂಡು ಬೆದರಿದ ತಾಯಂದಿರು ಕೆಲವರುಂಟು. ಅವರ ಭಯವು ಅಕಾರಣವಾದದ್ದಲ್ಲ. ಆದಕಾರಣ ಯಾವ ಚೇಳನ್ನು ಸಾಕಬಾರದೆಂಬದನ್ನು ಮೊದಲು ಹೇಳುವೆನು.

ಕೆಲವು ವರುಷಗಳ ಹಿಂದೆ ಎಂಟನೆಯ ತರಗತಿಯ ಬಾಲಕಿಯೊಬ್ಬಳು ಕಟ್ಟಿಗೆಯ ರಾಶಿಯಲ್ಲಿ ಸಿಕ್ಕಿದ ಚೇಳನ್ನು ಉಪ್ಪಿನಕಾಯಿಯ ಸೀಸೆಯಲ್ಲಿ ಹಾಕಿ ಬಹು ಸಂತೋಷದಿಂದ ನನ್ನ ಮೇಜಿನ ಮೇಲೆ ತಂದಿಟ್ಟಳು. "ಅಮ್ಮನವರೇ, ಇದು ಚಿಕ್ಕದು, ಕರಿಯದರಷ್ಟು ಭಯವಿಲ್ಲ" ಎಂದಳು. ಸೀಸೆಯ ಬಾಯಿಗೆ ಕಟ್ಟಿದ್ದದ್ದು ಬರಿಯ ಕಾಗದ. ಒಳಗಿದ್ದದ್ದು ಕೆಂಪು ಚೇಳು! ನನ್ನ ಕೈಕಾಲು ತಣ್ಣಗಾದವು.

ಚೇಳಿನ ಗಾತ್ರವನ್ನು ನೋಡಿ ಅದರ ವಿಷವನ್ನು ಅಳೆಯಕೂಡದು. ದಪ್ಪ ಇಕ್ಕುಳವೂ ತೆಳ್ಳನೆಯ ಬಾಲವೂ ಉಳ್ಳ ಕರಿಚೇಳು ಬೇಟೆಯನ್ನು ಇಕ್ಕುಳದ ಬಲದಿಂದಲೇ ಹಿಸುಕುವದು. ಅದರ ಕುಟುಕು ನೋವುಂಟುಮಾಡಿದರೂ ಸಾಮಾನ್ಯವಾಗಿ ಪ್ರಾಣಾಪಾಯಕರವಲ್ಲ. ಸಪೂರ ಇಕ್ಕುಳವುಳ್ಳ ಕೆಂಪು ಚೇಳಾದರೋ ತನ್ನ ವಿಷವನ್ನೇ ನಂಬಿರುವದು. ಆ ವಿಷವು ಹೃದಯವನ್ನು ಕೆಡಿಸುವದು; ಮಕ್ಕಳು ಸತ್ತದ್ದುಂಟು. ಮಹಾರಾಷ್ಟ್ರದ ಮಹಾಡಿನಲ್ಲಿ ಡಾಕ್ಟರ್ ಹಿಮ್ಮತ್‌ರಾವ್ ಬಾವಸ್ಕರರು 1980ರ ದಶಕದಲ್ಲಿ ಪ್ರಾಜೋಸಿನ್ ಎಂಬ ಔಷಧವನ್ನು ಪ್ರಯೋಗಿಸಿದ ಮೇಲೆ ಮರಣಗಳು ಬಹಳ ಕಡಿಮೆಯಾದವು. ಯಾವ ಚೇಳು ಕುಟುಕಿದರೂ ಕೊಯ್ಯದೆ, ಬಿಗಿಯಾಗಿ ಕಟ್ಟದೆ, ಮಂತ್ರಕ್ಕೆ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗತಕ್ಕದ್ದು.

ಇನ್ನು ತೊಟ್ಟಿಯ ವಿಷಯ. ಒಂದು ಕರಿಚೇಳಿಗೆ ಒಂದೂವರೆ ಅಡಿ ಉದ್ದ, ಒಂದಡಿ ಅಗಲದ ತೊಟ್ಟಿ ಸಾಕು. ತಳದಲ್ಲಿ ತೆಂಗಿನ ನಾರಿನ ಪುಡಿ ಬೆರೆಸಿದ ಮಣ್ಣನ್ನು ನಾಲ್ಕು ಅಂಗುಲ ಹಾಕಿರಿ. ಇದು ಬಿಲ ತೋಡುವ ಪ್ರಾಣಿ. ಮಣ್ಣು ತೇವವಾಗಿರಲಿ, ಕೆಸರಾಗದಿರಲಿ. ಅಡಗುವದಕ್ಕೆ ಒಡೆದ ಹೆಂಚನ್ನು ಮಣ್ಣಿನಲ್ಲಿ ಅರ್ಧ ಹೂತಿಡಿರಿ. ಆಳವಿಲ್ಲದ ತಟ್ಟೆಯಲ್ಲಿ ಕಲ್ಲುಹರಳುಗಳನ್ನು ಹಾಕಿ ನೀರಿಡಿರಿ. ತೊಟ್ಟಿಯ ಮೇಲೆ ಬಿಸಿಲು ಬೀಳಬಾರದು.

ನುಣುಪಾದ ಗಾಜನ್ನು ಚೇಳು ಹತ್ತಲಾರದೆಂಬದು ನಿಜ. ಆದರೆ ಮೂಲೆಗಳಲ್ಲಿ ಗಾಜನ್ನು ಅಂಟಿಸಿದ ಮೇಣದಂಥ ಗೆರೆಯನ್ನು ಹಿಡಿದು ಏರಬಲ್ಲದು. ಆದದರಿಂದ ಸಣ್ಣ ಕಣ್ಣಿನ ತಂತಿಬಲೆಯ ಮುಚ್ಚಳವೂ ಅದಕ್ಕೆ ಬೀಗವೂ ಬೇಕು. ಬೀಗದ ಕೈ ಉಪಾಧ್ಯಾಯಿನಿಯ ಬಳಿಯಲ್ಲಿಯೇ ಇರತಕ್ಕದ್ದು. ಉದ್ದ ಚಿಮುಟದಿಂದಲ್ಲದೆ ಬರಿಗೈಯಿಂದ ತೊಟ್ಟಿಯೊಳಗಿನ ಯಾವದನ್ನೂ ಮುಟ್ಟಬಾರದು.

ವಾರಕ್ಕೊಮ್ಮೆ ಒಂದು ಜಿರಲೆ ಅಥವಾ ಮಿಡತೆ ಸಾಕು. ಕೀಟನಾಶಕ ತಗಲಿದ್ದನ್ನು ಹಾಕಬೇಡಿರಿ. ತಿನ್ನದೆ ಬಿಟ್ಟದ್ದನ್ನು ಮರುದಿನ ತೆಗೆಯಿರಿ. ಯಾಕಂದರೆ ಪೊರೆ ಬಿಟ್ಟ ಚೇಳಿನ ಮೈ ಮೆತ್ತಗಿರುವದು. ಆಗ ಮಿಡತೆಯೇ ಅದನ್ನು ಕಚ್ಚಬಹುದು. ಹಗಲೆಲ್ಲಾ ಹೆಂಚಿನ ಕೆಳಗಿದ್ದು ಹೊರಗೆ ಬಾರದಿದ್ದರೆ ಸತ್ತಿತೆಂದು ಕೆದಕಬೇಡಿರಿ (ಕಳೆದ ಸಾರಿ ಮೂರು ಮಂದಿ ಕೆದಕಿದಿರಿ!). ಇದು ರಾತ್ರಿಯ ಸಂಚಾರಿ. ಕತ್ತಲೆಯಲ್ಲಿ ಅತಿನೇರಳೆ ಬೆಳಕನ್ನು ಬೀರಿದರೆ ಇದರ ಮೈಯೆಲ್ಲಾ ಹಸುರು ನೀಲಿಯಾಗಿ ಹೊಳೆಯುವದು.

ಮರಿಗಳು ತಾಯಿಯ ಬೆನ್ನನ್ನು ಸೀಳಿ ಹುಟ್ಟುತ್ತವೆಂದು ಅಜ್ಜಿಯರು ಹೇಳುವದುಂಟು. ಹಾಗಲ್ಲ. ಚೇಳು ಮೊಟ್ಟೆಯಿಡದೆ ಮರಿಗಳನ್ನೇ ಹೆರುವದು; ಬೆಳ್ಳಗಿನ ಆ ಮರಿಗಳು ತಾಯಿಯ ಬೆನ್ನನ್ನೇರಿ, ಮೊದಲನೆಯ ಪೊರೆ ಬಿಡುವ ತನಕ ಅಲ್ಲಿಯೇ ಇರುವವು. ಆ ದಿನಗಳಲ್ಲಿ ತೊಟ್ಟಿಯ ಮೇಲೆ ಕಪ್ಪು ಬಟ್ಟೆ ಹೊದಿಸಿ, ಸಂಜೆಗೊಮ್ಮೆ ಮಾತ್ರ, ಇಬ್ಬಿಬ್ಬರಾಗಿ ಬಂದು ಸದ್ದಿಲ್ಲದೆ ನೋಡಿರಿ.